ಕಂಡೆ ಸಿದ್ಧಾಂತ

ಡಾ. ಶಾಂತವೀರಪ್ಪನವರ ಅಭಿನಂದನ ಗ್ರಂಥಕ್ಕೆ ನಾನೂ ಒಂದು ಲೇಖನ ಕೊಡಬೇಕೆಂದು ಅಪ್ಪಣೆಯಾಗಿತ್ತು. ತಲೆಬರಹವನ್ನು ಅವರೇ ಆರಿಸಿಕೊಟ್ಟಿದ್ದರು: ‘ನನ್ನ ಗುರುಗಳು’. ನಿಜ ಬರೆದರೆ ಗ್ರಂಥ ಅಚ್ಚಾಗುವುದಿಲ್ಲ, ಅಚ್ಚಾಗುವಂತೆ ಬರೆದರೆ ನನಗೆ ಊಟ ಸೇರುವುದಿಲ್ಲ ಎಂದು ಸುಮ್ಮನಾದೆ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಂತವೀರಪ್ಪನವರು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರು. ಅದರಲ್ಲೂ ಮನೋವಿಜ್ಞಾನದ ಇತಿಹಾಸ ಅವರ ಕ್ಷೇತ್ರ. ಬದುಕಿರುವವರ ಮನಸ್ಸಿನ ತಂಟೆಗೆ ಹೋಗುವುದು ಅವರಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಸತ್ತ ಮನೋವಿಜ್ಞಾನಿಗಳಾದರೆ ತಿರುಗಿ ಮಾತಾಡುವುದಿಲ್ಲ, ಏನು ಬರೆದರೂ ಸುಮ್ಮನಿರುತ್ತಾರೆ. ನಾನು ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಬೇರೆ ಕಡೆ ಏನರ್ಥವೋ, ನಮ್ಮಲ್ಲಿ ಕೊನೆಗೆ ಬಂದು ಮೊದಲು ಎದ್ದುಹೋಗಬೇಕಾದವಳು ಎಂದರ್ಥ. ಪಿಎಚ್‌.ಡಿ. ಇಲ್ಲದ ಅತಿಥಿಗಳನ್ನು ಬರುವ ವರ್ಷದಿಂದ ತೆಗೆದುಕೊಳ್ಳುವುದಿಲ್ಲ ಎಂದು ಆದೇಶ ಬಂದಿತ್ತು. ನನ್ನ ಪ್ರಬಂಧ ಬರೆದು ಮುಗಿದಿತ್ತು. ಇನ್ನು ಬೇಕಾಗಿದ್ದದ್ದು ಮಾರ್ಗದರ್ಶಕರ ಒಂದು ಸಹಿ. ಆ ಮಾರ್ಗದರ್ಶಕರು ಇವರೇ.

ಇವರ ಕೀರ್ತಿಯೆಲ್ಲ ಒಂದೇ ಒಂದು ಶಬ್ದದ ಮೇಲೆ ನಿಂತಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಯಾರೋ ಒಬ್ಬ ಅಧ್ಯಾಪಕರು ಸ್ಟಾಪ್‌ವಾಚ್ ಹಿಡಿದುಕೊಂಡು ಮೊಳಕಾಲ್ಮೂರಿಗೆ ಬಂದು, ರೇಷ್ಮೆ ಸೀರೆ ನೇಯುವವರ ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ದಣಿವು ಯಾವಾಗ ಶುರುವಾಗುತ್ತದೆ ಎಂದು ಅಳೆದು, ಇಂಗ್ಲಿಷಿನಲ್ಲಿ ಸಣ್ಣದೊಂದು ವರದಿ ಅಚ್ಚು ಹಾಕಿಸಿದ್ದರಂತೆ. ಅದರಲ್ಲಿ ಒಂದು ಸಾಲಿದೆ: ನೇಕಾರನು ಆಗಾಗ ಕೈ ನಿಲ್ಲಿಸಿ ‘ಕಂಡೆ’ ಎಂದು ಗಟ್ಟಿಯಾಗಿ ಹೇಳುತ್ತಾನೆ, ಇದರ ಅರ್ಥವನ್ನು ವಿಚಾರಿಸಲಿಲ್ಲ. ಆ ಅಧ್ಯಾಪಕರು ಪುಣ್ಯಾತ್ಮರು, ವಿಚಾರಿಸಲಿಲ್ಲ ಎಂದು ಒಪ್ಪಿಕೊಂಡರು. ನಮ್ಮವರು ವಿಚಾರಿಸದೆಯೇ ಅರ್ಥ ಬರೆದರು.

ಮನೋವಿಜ್ಞಾನ ಹುಟ್ಟಿದ ಹೊಸದರಲ್ಲಿ ಜರ್ಮನಿಯ ಲೈಪ್‌ಜಿಗ್ ಎಂಬ ಊರಿನ ಪ್ರಯೋಗಾಲಯದಲ್ಲಿ ಜನರನ್ನು ಕೂರಿಸಿ, ಒಂದು ಸದ್ದು ಕೇಳಿಸಿಯೋ ಬೆಳಕು ತೋರಿಸಿಯೋ, ಈಗ ನಿನ್ನ ಮನಸ್ಸಿನೊಳಗೆ ಏನಾಯಿತು ಹೇಳು ಎಂದು ಕೇಳುತ್ತಿದ್ದರು. ತನ್ನ ಮನಸ್ಸನ್ನು ತಾನೇ ನೋಡಿಕೊಂಡು ಹೇಳುವ ಈ ಕ್ರಮಕ್ಕೆ ಅಂತರವಲೋಕನ ಎಂದು ಹೆಸರು. ಶಾಂತವೀರಪ್ಪನವರಿಗೆ ಹೊಳೆದದ್ದು ಏನೆಂದರೆ, ಮೊಳಕಾಲ್ಮೂರಿನ ನೇಕಾರ ನೇಯುತ್ತ ನೇಯುತ್ತ ಒಳಗಣ್ಣು ತೆರೆದು, ಮನಸ್ಸಿನಲ್ಲಿ ಸುಳಿದದ್ದನ್ನು ಹಿಡಿದು, ‘ಕಂಡೆ’ ಎನ್ನುತ್ತಾನೆ. ನಾನು ಕಂಡೆನು ಎಂಬ ಕಂಡೆ. ಯಾವ ಜರ್ಮನಿಯವನೂ ಹೇಳಿಕೊಡದೆ, ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು, ಅವನು ಅಂತರವಲೋಕನ ಮಾಡುತ್ತಿದ್ದಾನೆ!

ಇದಕ್ಕೆ ಕಂಡೆ ಸಿದ್ಧಾಂತ ಎಂದು ಹೆಸರಿಟ್ಟು ಮೊದಲು ಒಂದು ಲೇಖನ ಬರೆದರು. ಆ ಲೇಖನವನ್ನು ಹಿಗ್ಗಿಸಿ ಡಾಕ್ಟರೇಟ್ ತೆಗೆದುಕೊಂಡರು. ಡಾಕ್ಟರೇಟನ್ನು ಕುಗ್ಗಿಸಿ ಪುಸ್ತಕ ಮಾಡಿದರು. ಪುಸ್ತಕಕ್ಕೆ ಬಹುಮಾನ ಬಂತು, ಬಹುಮಾನ ಬಂದದ್ದಕ್ಕೆ ಸನ್ಮಾನವಾಯಿತು, ಸನ್ಮಾನದ ಭಾಷಣ ಇನ್ನೊಂದು ಲೇಖನವಾಯಿತು. ಆಮೇಲೆ ಒಂದು ವರ್ಷ ಬ್ರಹ್ಮಗಿರಿಗೂ ಕೈ ಹಾಕಿದರು. ಅಶೋಕನ ಶಾಸನ ಇರುವ ನೆಲ ಹತ್ತಿರದಲ್ಲೇ ಇದೆ, ತನ್ನನ್ನು ತಾನು ನೋಡಿಕೊಳ್ಳುವ ಗುಣ ಅಲ್ಲಿಂದಲೇ ನೇಕಾರರಿಗೆ ಇಳಿದಿರಬೇಕು ಎಂದರು. ಬಂಡೆಯಿಂದ ಮಗ್ಗಕ್ಕೆ ಎರಡು ಸಾವಿರ ವರ್ಷದ ಹಾದಿ. ಅದನ್ನು ಇವರು ಒಂದೂವರೆ ಪುಟದಲ್ಲಿ ದಾಟಿದ್ದಾರೆ. ಅಷ್ಟು ವರ್ಷಗಳಲ್ಲಿ ಚಳ್ಳಕೆರೆಯಿಂದ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಬಂದದ್ದು ಮಗಳ ಮದುವೆಗೆ ಸೀರೆ ಕೊಳ್ಳಲು ಮಾತ್ರ. ಅಂಗಡಿಯಲ್ಲಿ ಕೂತರು, ಕಾಫಿ ಕುಡಿದರು, ಸೀರೆ ತೆಗೆದುಕೊಂಡು ಹೊರಟರು. ನೇಯುವ ಮನೆಗಳು ಆ ಅಂಗಡಿಯ ಹಿಂದಿನ ಬೀದಿಯಲ್ಲೇ ಇದ್ದವು.

ನಾನು ಆ ಹಿಂದಿನ ಬೀದಿಯವಳು. ಅಪ್ಪ ಓಬಣ್ಣ ನೇಯುತ್ತಾನೆ, ಅವ್ವ ಬೊಮ್ಮಕ್ಕ ರಾಟೆಯಲ್ಲಿ ನೂಲು ಸುತ್ತುತ್ತಾಳೆ. ಸೀರೆಗೆ ಅಡ್ಡ ಹಾಯುವ ನೂಲನ್ನು ಬೆರಳುದ್ದದ ಒಂದು ಕೊಳವೆಗೆ ಸುತ್ತಿ, ಆ ಕೊಳವೆಯನ್ನು ಲಾಳಿಯೊಳಗೆ ಕೂರಿಸಿ ನೇಯುತ್ತಾರೆ. ಅದನ್ನು ಕನ್ನಡದ ನೇಕಾರರು ಕಂಡಿಕೆ ಎನ್ನುತ್ತಾರೆ. ನಮ್ಮ ಮನೆಮಾತು ತೆಲುಗು. ತೆಲುಗಿನಲ್ಲಿ ಅದು ಕಂಡೆ. ನೂಲು ಮುಗಿದ ಕೂಡಲೇ ನೇಯುವವರು ಕೈ ನಿಲ್ಲಿಸಿ ‘ಕಂಡೆ’ ಎಂದು ಕೂಗುತ್ತಾರೆ, ರಾಟೆಯ ಮುಂದಿರುವವರು ಹೊಸದೊಂದನ್ನು ತಂದುಕೊಡುತ್ತಾರೆ. ಅಷ್ಟೇ. ನಮ್ಮ ಬೀದಿಯ ಕೂಸುಗಳಿಗೂ ಗೊತ್ತಿರುವ ಮಾತು ಇದು, ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಗುರುಗಳ ಪುಸ್ತಕದ ಹೆಸರು ನೋಡಿದಾಗ ನಾನೂ ಅದನ್ನು ಕನ್ನಡದ ಕಂಡೆ ಎಂದೇ ಓದಿದ್ದೆ. ಅಚ್ಚಾದ ಪುಸ್ತಕ, ಮೇಲೆ ಕಣ್ಣು ಮುಚ್ಚಿ ಕೂತ ಯೋಗಿಯ ಚಿತ್ರ, ಬೇರೆ ಏನು ಹೊಳೆಯಬೇಕು? ಪಿಎಚ್‌.ಡಿ.ಗೆ ಅವರ ಬಳಿ ನೋಂದಣಿಯಾದ ಮೇಲೆ ಲೈಬ್ರರಿಯಲ್ಲಿ ಕೂತು ಒಳಗಿನ ಪುಟಗಳನ್ನು ಓದುತ್ತಿದ್ದಾಗ ‘ನೇಕಾರನು ಕೈ ನಿಲ್ಲಿಸಿ’ ಎಂಬ ಜಾಗಕ್ಕೆ ಬಂದೆ. ನನಗೆ ಬಂದ ನಗು ನಿಲ್ಲಲೇ ಇಲ್ಲ. ಲೈಬ್ರರಿಯನ್ ಎದ್ದು ಬಂದು ಹೊರಗೆ ಹೋಗಮ್ಮ ಎಂದರು. ಹೊರಗೆ ಎಣ್ಣೆ ಮಿಲ್ಲುಗಳ ಕಡೆಯಿಂದ ಹುರಿದ ಶೇಂಗಾದ ವಾಸನೆ ಬರುತ್ತಿತ್ತು, ನಾನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಗೊತ್ತಿಲ್ಲದೆ ಆದ ತಪ್ಪು, ತಿಳಿಸಿದರೆ ಅವರೂ ನಗಬಹುದು ಎಂದುಕೊಂಡೆ. ಮನೋವಿಜ್ಞಾನ ಓದಿಯೂ ಮನುಷ್ಯರನ್ನು ಅಷ್ಟು ಕಡಿಮೆ ತಿಳಿದಿದ್ದೆ.

ಹೋಗಿ ಹೇಳಿದೆ. ಅವರು ನಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಇದನ್ನು ಯಾರಿಗಾದರೂ ಹೇಳಿದ್ದೀಯಾ?”

ಅರ್ಥ ಸರಿಯೇ, ನಿಜವೇ, ಯಾರನ್ನು ಕೇಳಬೇಕು, ಇದ್ಯಾವುದೂ ಅಲ್ಲ. ಯಾರಿಗಾದರೂ ಹೇಳಿದ್ದೀಯಾ! ಅವತ್ತಿನಿಂದ ನನಗೆ ಅವರ ಮೇಲೆ ಹುಟ್ಟಿದ ತಾತ್ಸಾರ ಒಂದು ದಿನಕ್ಕೂ ಕಡಿಮೆಯಾಗಿಲ್ಲ, ಅದನ್ನು ಮುಚ್ಚಿಡುವ ಇರಾದೆಯೂ ನನಗಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ. ತಪ್ಪಿಗೆ ಕಾವಲು ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

“ಯಾರಿಗೂ ಇಲ್ಲ ಸರ್” ಎಂದೆ.

“ನೋಡಮ್ಮ, ಒಂದು ಶಬ್ದಕ್ಕೆ ಮೇಲಿನ ಪದರ ಅಂತ ಒಂದಿರುತ್ತದೆ, ಒಳಗಿನ ಪದರ ಅಂತ ಒಂದಿರುತ್ತದೆ. ಮೇಲಿನದು ನಿನಗೆ ಗೊತ್ತು. ಒಳಗಿನದು ಸಂಶೋಧನೆಗೆ ಮಾತ್ರ ಸಿಗುವಂಥದ್ದು. ಅದೂ ಅಲ್ಲದೆ ನಿಮ್ಮ ಕಡೆಯವರದು ಬೆರಕೆ ಭಾಷೆ. ಅದನ್ನು ಆಧಾರವಾಗಿ ಇಟ್ಟುಕೊಳ್ಳೋಕೆ ಬರೋದಿಲ್ಲ.”

ಬೆರಕೆ ಭಾಷೆ! ವಿಭಾಗದಲ್ಲಿ ಅವ್ವನ ಫೋನು ಬಂದಾಗ ನಾನು ತೆಲುಗಿನಲ್ಲಿ ಮಾತಾಡಿದರೆ, ಇದು ಕನ್ನಡ ನಾಡಮ್ಮ ಎಂದು ಹಿಂದೊಮ್ಮೆ ಎಲ್ಲರೆದುರು ಹೇಳಿದ್ದರು. ತೆಲುಗು ಎಂದರೆ ಅವರಿಗೆ ಗಡಿಯ ಆಚೆಯಿಂದ ಬಂದು ಒಳಗೆ ನುಗ್ಗಿದ ಧೂಳು. ಅದಕ್ಕೇ ಆ ಶಬ್ದ ತೆಲುಗಿನದಿರಬಹುದು ಎಂಬ ಅನುಮಾನ ಕೂಡ ಸುಳಿಯದೆ ಅವರು ಅಷ್ಟು ದೊಡ್ಡ ಪುಸ್ತಕ ಬರೆದರು. ಬೇರೆ ಊರಿನ ಪಂಡಿತನಾದರೆ ನಿಘಂಟನ್ನಾದರೂ ತೆರೆಯುತ್ತಿದ್ದ. ಇವರಿಗೆ ನಿಘಂಟೂ ಬೇಡವಾಯಿತು, ಕನ್ನಡ ನನ್ನದು ಎಂಬ ಹಮ್ಮೇ ಸಾಕಾಯಿತು.

ನಾನು ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಈ ಶಬ್ದದ ಅರ್ಥವನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಪ್ರತಿ ಸಲವೂ ಅದನ್ನು ಕೊನೆಗೆ ನೋಡೋಣ ಎಂದು ಪಕ್ಕಕ್ಕಿಟ್ಟರು. ಕೊನೆ ಬಂತು. ಆ ಹೊತ್ತಿಗೆ ಅವರ ನಿವೃತ್ತಿಯೂ ಹತ್ತಿರ ಬಂದಿತ್ತು, ಅದಕ್ಕೊಂದು ರಾಷ್ಟ್ರೀಯ ವಿಚಾರ ಸಂಕಿರಣವೂ ಗೊತ್ತಾಗಿತ್ತು. ಒಂದು ದಿನ ಚಳ್ಳಕೆರೆಯಲ್ಲಿ ಭಾಷಣ, ಮರುದಿನ ಮೊಳಕಾಲ್ಮೂರಿಗೆ ಕ್ಷೇತ್ರ ಭೇಟಿ. ಭೇಟಿಗೆ ಗೊತ್ತುಮಾಡಿದ ಮನೆ ನಮ್ಮದು. ಸಹಿ ಬೇಕಾದವಳ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ ಎಂಬುದು ಅವರ ಲೆಕ್ಕ.

“ನಾಲ್ಕನೇ ಅಧ್ಯಾಯ ತೆಗೆದುಬಿಡು. ಸಂಕಿರಣ ಚೆನ್ನಾಗಿ ನಡೆಯಲಿ. ಸೋಮವಾರ ಬಾ, ಸಹಿ ಹಾಕುತ್ತೇನೆ” ಎಂದರು.

“ತೆಗೆಯಲ್ಲ ಸರ್.”

“ಕೆಲಸ ಬೇಕು ಅನ್ನೋದು ನಿನಗೆ ನೆನಪೈತಲ್ಲ?”

ಸಿಟ್ಟು ಬಂದಾಗ ಅವರ ಬಾಯಲ್ಲೂ ಐತೆ ಬರುತ್ತದೆ. ಶುದ್ಧ ಕನ್ನಡ ಸಭೆಗೆ ಮಾತ್ರ.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿದ್ದೆ. ಸಹಿ ಅವರ ಕೈಯಲ್ಲಿದೆ, ಸಹಿ ಆಗದಿದ್ದರೆ ಬರುವ ವರ್ಷ ಕೆಲಸ ಇಲ್ಲ, ಮೇಷ್ಟ್ರಿಗೆ ನಮ್ಮ ಕಂಡೆಯ ಮೇಲೆ ಕಣ್ಣು ಎಂದು. ಅಪ್ಪ ಕೇಳಿಸಿಕೊಳ್ಳುತ್ತ ನೇಯುತ್ತಲೇ ಇದ್ದ. ಅವ್ವ ಮಾತ್ರ, ಕಂಡೆಯಲ್ಲಿ ಇಷ್ಟು ದೊಡ್ಡ ಪುಸ್ತಕ ಬರೆಯುವಂಥದ್ದು ಏನಿದೆ ಎಂದು ರಾಟೆಯ ಪಕ್ಕದ ಬುಟ್ಟಿಯಿಂದ ಒಂದನ್ನು ಎತ್ತಿ ತಿರುಗಿಸಿ ನೋಡಿದ್ದಳು.

ಸಂಕಿರಣದ ಬಸ್ಸು ಬ್ಯಾನರು ಕಟ್ಟಿಕೊಂಡು ಬಂದು ನಮ್ಮ ಬೀದಿಯ ತುದಿಯಲ್ಲಿ ನಿಂತಿತು. ಬೀದಿ ಕಿರಿದು, ಒಳಗೆ ಬರುವುದಿಲ್ಲ. ವಿದ್ವಾಂಸರು ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು, ಚರಂಡಿ ದಾಟಿಕೊಂಡು, ಪ್ಯಾಂಟು ಎತ್ತಿಕೊಂಡು ಬಂದರು. ನಮ್ಮ ಮಗ್ಗದ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಉಸಿರಾಡಲು ಜಾಗವಿಲ್ಲ. ಅಲ್ಲಿಗೆ ಎಲ್ಲರೂ ನುಗ್ಗಿದರು, ಉಳಿದವರು ಕಿಟಕಿಯಲ್ಲಿ ತಲೆ ತೂರಿಸಿದರು. ಅಪ್ಪ ಹಬ್ಬಕ್ಕೆ ಹಾಕುವ ಅಂಗಿ ಹಾಕಿಕೊಂಡು ಮಗ್ಗದಲ್ಲಿ ಕೂತಿದ್ದ. ಅಂಗಿ ಹಾಕಿ ನೇಯುವ ಅಭ್ಯಾಸ ಅವನಿಗಿಲ್ಲ, ತೋಳು ಬಿಗಿಯಾಗಿ ಕೈ ಸರಿಯಾಗಿ ಆಡುತ್ತಿರಲಿಲ್ಲ.

ಶಾಂತವೀರಪ್ಪನವರು ಕೈ ಎತ್ತಿ ಸದ್ದು ಅಡಗಿಸಿದರು. “ದಯವಿಟ್ಟು ಯಾರೂ ಮಾತಾಡಬೇಡಿ. ಇದು ನಮ್ಮ ಲೈಪ್‌ಜಿಗ್. ಆ ಕ್ಷಣ ಅದಾಗಿಯೇ ಬರಬೇಕು.”

ಎಲ್ಲರೂ ಉಸಿರು ಬಿಗಿಹಿಡಿದರು. ಲಾಳಿ ಅತ್ತಿತ್ತ ಓಡುವ ಸದ್ದು ಮಾತ್ರ. ಅವರ ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿ ಮುತ್ತುರಾಜ್ ಫೋನು ಎತ್ತಿ ಹಿಡಿದು ಚಿತ್ರೀಕರಣ ಮಾಡುತ್ತಿದ್ದ. ಗುರುಗಳು ಸೀನಿದರೂ ಅದರಲ್ಲಿ ಒಂದು ಪ್ರಬಂಧ ಕಾಣುವ ಪ್ರಾಣಿ ಅವನು. ಸ್ವಲ್ಪ ಹೊತ್ತಿಗೆ ನೂಲು ಮುಗಿಯಿತು. ಅಪ್ಪ ಕೈ ನಿಲ್ಲಿಸಿದ.

“ಕಂಡೆ!”

ಚಪ್ಪಾಳೆಯೋ ಚಪ್ಪಾಳೆ. ಒಬ್ಬರು ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದೆ. ಅವ್ವ ಎಂದಿನಂತೆ ಬುಟ್ಟಿಯಿಂದ ಒಂದು ಕಂಡೆ ತೆಗೆದುಕೊಂಡು ಎದ್ದು ಮಗ್ಗದ ಕಡೆ ಹೊರಟಳು. ಅವಳು ಹೋಗುತ್ತಿರುವುದು ಎಲ್ಲರ ಕಣ್ಣೆದುರಿಗೆ, ಕೈಯಲ್ಲಿ ಹಿಡಿದಿರುವುದು ಎಲ್ಲರ ಮೂಗಿನಡಿಗೆ.

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ರಿ, ಅಡ್ಡ ಬರ್ತೈತೆ” ಎಂದ ಮುತ್ತುರಾಜ್, ಫೋನಿನಿಂದ ಕಣ್ಣು ತೆಗೆಯದೆ.

ಅವ್ವ ನಿಂತಳು. ಕೈಯಲ್ಲಿ ಕಂಡೆ ಹಿಡಿದುಕೊಂಡೇ ಗೋಡೆಗೆ ಆತುಕೊಂಡಳು. ಅಪ್ಪ ಕೈಕಟ್ಟಿ ಕಾಯತೊಡಗಿದ. ನೂಲಿಲ್ಲದೆ ಏನು ನೇಯುತ್ತಾನೆ?

“ನೋಡಿ, ನೋಡಿ” ಶಾಂತವೀರಪ್ಪನವರು ಪಿಸುಗುಟ್ಟಿದರು. “ಕಂಡೆ ಎಂದ ಮೇಲೆ ದೇಹ ನಿಶ್ಚಲ. ಈಗ ಅವರು ಒಳಗೆ ಇಳಿದಿದ್ದಾರೆ.”

ಒಳಗೆ ಇಳಿದಿದ್ದ ನಮ್ಮಪ್ಪ ಅವ್ವನ ಕಡೆ ಕುತ್ತಿಗೆ ಚಾಚಿ ನೋಡಿದ. ಅವಳು ಬರುವ ಲಕ್ಷಣ ಕಾಣಲಿಲ್ಲ. ಮತ್ತೆ, ಈ ಸಲ ಸ್ವಲ್ಪ ಜೋರಾಗಿ, “ಕಂಡೇ!” ಎಂದ.

“ಎರಡನೇ ಹಂತ” ಎಂದರು ಶಾಂತವೀರಪ್ಪನವರು. ಪಕ್ಕದಲ್ಲಿದ್ದವರೊಬ್ಬರು ಬರೆದುಕೊಂಡರು.

ಈ ದೇಶದಲ್ಲಿ ಡಿಗ್ರಿ ಎಂದರೆ ಕಣ್ಣಿಗೆ ಕಟ್ಟುವ ಬಟ್ಟೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಇಷ್ಟು ಜನ, ಇಷ್ಟು ಪದವಿ, ಒಬ್ಬರಿಗಾದರೂ ಆ ಹೆಂಗಸಿನ ಕೈಯಲ್ಲಿ ಏನಿದೆ ಎಂದು ಕೇಳಬೇಕೆನ್ನಿಸಲಿಲ್ಲ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವ್ವನ ಕೈಯಿಂದ ಕಂಡೆಯನ್ನು ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

“ಕಂಡೆ ಅಂದರೆ ಇದು. ತೆಲುಗಿನ ಮಾತು. ನೂಲು ಮುಗಿದಿದೆ, ಇನ್ನೊಂದು ಕೊಡು ಅಂತ ಅಪ್ಪ ಕೇಳುತ್ತಿದ್ದಾರೆ. ನೀವು ಅವ್ವನನ್ನು ಪಕ್ಕಕ್ಕೆ ನಿಲ್ಲಿಸಿದ್ದೀರಿ, ಅದಕ್ಕೇ ಮಗ್ಗ ನಿಂತಿದೆ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಶಾಂತವೀರಪ್ಪನವರ ಮುಖ ಕೆಂಪಾಯಿತು, ಆದರೂ ನಕ್ಕರು. “ಇವಳು ನನ್ನ ವಿದ್ಯಾರ್ಥಿನಿಯೇ. ಒಳ್ಳೆಯ ಹುಡುಗಿ. ತನ್ನ ಮನೆಯನ್ನು ದೂರ ನಿಂತು ನೋಡುವುದು ಎಲ್ಲರಿಗೂ ಬರುವುದಿಲ್ಲ ನೋಡಿ.”

ಹೊರಗಿನಿಂದ ಬಂದಿದ್ದ ಪ್ರೊಫೆಸರ್ ಆಶಾ ಎಂಬವರು ಸ್ವಲ್ಪ ಬುದ್ಧಿಯುಳ್ಳವರ ಹಾಗೆ ಕಂಡರು. ಜನರನ್ನು ಸರಿಸಿಕೊಂಡು ಮಗ್ಗದ ಹತ್ತಿರ ಬಗ್ಗಿ, “ಯಜಮಾನರೇ, ನೀವೇ ಹೇಳಿ. ಕಂಡೆ ಅಂದರೆ ಏನು?” ಎಂದು ಕೇಳಿದರು.

ನನಗೆ ಹಗುರವಾಯಿತು. ಅಂತೂ ಒಬ್ಬರು ವಿಚಾರಿಸಿದರು. ಇನ್ನೇನು, ಅಪ್ಪ ಬಾಯಿ ಬಿಟ್ಟರೆ ಸಿದ್ಧಾಂತ ಮಣ್ಣುಪಾಲು.

ಅಪ್ಪ ನನ್ನನ್ನು ನೋಡಿದ. ಆಮೇಲೆ ಶಾಂತವೀರಪ್ಪನವರನ್ನು ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ಸಾಹೇಬ್ರು ಹೇಳಿದ್ದೇ ದಿಟ ಕಣ್ರಮ್ಮ” ಎಂದ ಅಪ್ಪ. “ನಮ್ಮ ಹುಡುಗಿ ಓದಾಕೆ ಅಂತ ಹೊರಗೇ ಇದ್ದೋಳು, ಅವಳಿಗೆ ಇವೆಲ್ಲ ತಿಳಿಯಲ್ಲ. ನೇಯ್ತಾ ನೇಯ್ತಾ ಮನಸ್ನಾಗೆ ಏನೋ ಕಾಣ್ತೈತ್ರಿ. ಅದ್ಕೇ ಕಂಡೆ ಅಂತೀವಿ.”

“ಏನು ಕಾಣುತ್ತದೆ?”

ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅತ್ತಿತ್ತ ನೋಡಿದ, ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. “ದೇವ್ರು” ಎಂದ.

ಕೋಣೆಯಲ್ಲಿ ಆಹಾ ಎಂಬ ಉದ್ಗಾರ ಎದ್ದಿತು. ನನ್ನ ಕೈಯಲ್ಲಿ ಕಂಡೆ ಹಾಗೇ ಇತ್ತು. ಅಪ್ಪ ಕೈಚಾಚಿ ಅದನ್ನು ತೆಗೆದುಕೊಂಡ, ಲಾಳಿಯಲ್ಲಿ ಕೂರಿಸಿಕೊಂಡ, ತಲೆ ತಗ್ಗಿಸಿ ನೇಯತೊಡಗಿದ. ಅದನ್ನೂ ಯಾರೂ ನೋಡಲಿಲ್ಲ. ಎಲ್ಲರೂ ಶಾಂತವೀರಪ್ಪನವರ ಕೈ ಕುಲುಕುತ್ತಿದ್ದರು.

ಬಸ್ಸು ಹೋದ ಮೇಲೆ ನಾನು ಅಪ್ಪನ ಮೇಲೆ ಹಾರಿಬಿದ್ದೆ. ಮನೆಯಲ್ಲಿ ನಾವು ಜಗಳವಾಡುವುದೂ ತೆಲುಗಿನಲ್ಲೇ, ಓದುವವರ ಅನುಕೂಲಕ್ಕೆ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾಕಪ್ಪ ಹಂಗಂದೆ? ಅಷ್ಟು ಜನದ ಮುಂದೆ ನನ್ನ ಮಾತು ಸುಳ್ಳು ಮಾಡಿದೆಯಲ್ಲ!”

“ಸಹಿ ಹಾಕ್ತಾರಲ್ಲ, ಬಿಡು” ಎಂದ ಅಪ್ಪ, ಬಿಗಿ ಅಂಗಿಯ ಗುಂಡಿ ಬಿಚ್ಚುತ್ತ. “ಅವ್ರು ಬಂದ್ರು, ಕೇಳಿದ್ರು, ಹೋದ್ರು. ಒಂದು ಮಾತು ಅಂದ್ರೆ ನನ್ನ ಗಂಟೇನು ಹೋಗ್ತೈತೆ? ನೀನು ಕೆಲ್ಸ ಕಳ್ಕಬ್ಯಾಡ.”

“ನನ್ನ ಮನೇಗೆ ಬಂದು ನನ್ನೇ ಪಕ್ಕಕ್ಕೆ ನಿಲ್ಲು ಅಂದನಲ್ಲ ಆ ಹುಡುಗ” ಎಂದಳು ಅವ್ವ. ಅವಳ ಸಿಟ್ಟೇ ಬೇರೆ, ಅದು ಇನ್ನೂ ಇಳಿದಿಲ್ಲ.

ಮರುದಿನ ಮುತ್ತುರಾಜನ ವಿಡಿಯೊ ಊರೂರಿನ ಅಧ್ಯಾಪಕರ ಫೋನುಗಳಲ್ಲಿ ಓಡಾಡಿತು. ಕೆಳಗೆ ಬರೆದಿದ್ದ: ‘ಕಂಡೆ ಸಿದ್ಧಾಂತವನ್ನು ದೃಢಪಡಿಸಿದ ಹಿರಿಯ ನೇಕಾರ ಓಬಣ್ಣ.’ ಇದುವರೆಗೆ ಆ ಸಿದ್ಧಾಂತಕ್ಕೆ ಯಾರೋ ಕೇಳಿಸಿಕೊಂಡ ಒಂದು ಶಬ್ದ ಬಿಟ್ಟರೆ ಆಧಾರವಿರಲಿಲ್ಲ. ಈಗ ಜೀವಂತ ಸಾಕ್ಷಿ ಸಿಕ್ಕಿತು, ಸಾಕ್ಷಿ ನಮ್ಮಪ್ಪ. ನಾಳೆ ಯಾರಾದರೂ ನನ್ನ ನಾಲ್ಕನೇ ಅಧ್ಯಾಯ ಓದಿದರೂ, ನೇಕಾರನೇ ಹೇಳಿದ್ದಾನಲ್ಲ, ನೀನ್ಯಾರು ಎನ್ನುತ್ತಾರೆ. ಅಪ್ಪ ನನ್ನನ್ನು ಉಳಿಸಲು ಹೋಗಿ ನನ್ನ ಕೈ ಕಟ್ಟಿದ್ದ. ಅದನ್ನು ಬಿಚ್ಚಲು ಒಂದೇ ದಾರಿ ಇತ್ತು, ಅದು ಅಪ್ಪನ ಮಾನದ ಮೇಲೆ ಹಾದುಹೋಗುತ್ತಿತ್ತು. ಭಾನುವಾರ ಇಡೀ ದಿನ ಕೂತು ಆ ಅಧ್ಯಾಯದ ಕೊನೆಗೆ ಎರಡು ವಾಕ್ಯ ಸೇರಿಸಿದೆ.

ಸೋಮವಾರ ಪ್ರಬಂಧದ ಕಟ್ಟನ್ನು ಶಾಂತವೀರಪ್ಪನವರ ಮೇಜಿನ ಮೇಲಿಟ್ಟೆ. ಅವರು ಪೆನ್ನು ತೆಗೆದು ಇಟ್ಟುಕೊಂಡೇ ಇದ್ದರು, ಮೇಜಿನ ಮೇಲೆ ಸಿಹಿಯ ಡಬ್ಬಿಯೂ ಇತ್ತು. ನಾಲ್ಕನೇ ಅಧ್ಯಾಯ ಹೋಗಿರಬಹುದೆಂದು ಪುಟ ತಿರುಗಿಸಿದರು. ಹೋಗಿರಲಿಲ್ಲ. ಕೊನೆಯ ವಾಕ್ಯಗಳನ್ನು ಗಟ್ಟಿಯಾಗಿಯೇ ಓದಿದರು: ‘ಸಂಕಿರಣದ ಕ್ಷೇತ್ರ ಭೇಟಿಯಲ್ಲಿ ನೇಕಾರ ಓಬಣ್ಣ ಹೇಳಿದ್ದು ಸುಳ್ಳು. ಅವರು ನನ್ನ ತಂದೆ, ಮಗಳ ಪದವಿ ತಪ್ಪಬಾರದೆಂದು ಹಾಗೆ ಹೇಳಿದರು.’

“ಹೆತ್ತಪ್ಪನನ್ನು ಸುಳ್ಳುಗಾರ ಅಂತ ಬರೆಯುತ್ತೀಯಾ? ಮರ್ಯಾದೆ ಬೇಡವೇನಮ್ಮ?”

“ಬರೆದಿದ್ದೀನಿ ಸರ್. ಅವರು ಒಂದೇ ಸಲ ಹೇಳಿದ್ದು. ಅದನ್ನು ಪುಸ್ತಕ ಮಾಡಲಿಲ್ಲ.”

ಸಿಹಿಯ ಡಬ್ಬಿಯ ಮುಚ್ಚಳ ಮುಚ್ಚಿದರು. ಪೆನ್ನಿನ ಮುಚ್ಚಳವನ್ನೂ ಮುಚ್ಚಿದರು. ಕಟ್ಟನ್ನು ಒಂದೇ ಬೆರಳಿನಲ್ಲಿ ನನ್ನ ಕಡೆ ತಳ್ಳಿದರು. “ಅಧ್ಯಾಯ ತೆಗೆದುಕೊಂಡು ಬಾ. ಇಲ್ಲಾಂದ್ರೆ ಬರೋದೇ ಬ್ಯಾಡ” ಎಂದರು.

ನಾನು ಕಟ್ಟು ಎತ್ತಿಕೊಂಡು ಹೊರಗೆ ಬಂದೆ. ಕೋಪವೂ ಬರಲಿಲ್ಲ. ಒಬ್ಬ ಮನುಷ್ಯ ಇಡೀ ಜನ್ಮ ಬೇರೆಯವರು ತಮ್ಮ ಮನಸ್ಸನ್ನು ಹೇಗೆ ನೋಡಿಕೊಂಡರು ಎಂದು ಬರೆದು, ತನ್ನದನ್ನು ಒಂದು ಸಲವೂ ನೋಡಿಕೊಳ್ಳದೆ ನಿವೃತ್ತನಾಗುವುದು ಸಾಧ್ಯ ಎಂಬುದಷ್ಟೇ ನಾನು ಅವರ ಕೈಕೆಳಗೆ ಕಲಿತದ್ದು. ಬಸ್‌ಸ್ಟ್ಯಾಂಡಿಗೆ ನಡೆದು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅಪ್ಪ ಮಗ್ಗದಲ್ಲಿದ್ದ. ಬಾಗಿಲಲ್ಲೇ ಕೇಳಿದ: “ಸಹಿ ಆತಾ?”

“ಇಲ್ಲಪ್ಪ.”

ಕೈ ನಿಂತಿತು. “ನಾ ಅಂದಿದ್ದು ಸಾಲ್ಲಿಲ್ವೇನಮ್ಮ? ಅವ್ರಿಗೆ ಇನ್ನೂ ಏನಾರ ಬೇಕಿತ್ತಾ? ಇನ್ನೊಂದ್ಸಲ ಕರ್ಕಂಬಾ. ಈ ಸಲ ಚೆನ್ನಾಗಿ ಹೇಳ್ತೀನಿ.”

ನನಗೆ ಅಳು ಬಂದುಬಿಟ್ಟಿತು. ಅಷ್ಟು ವರ್ಷದಿಂದ ಸಾಕಿಕೊಂಡು ಬಂದಿದ್ದ ನನ್ನ ತಾತ್ಸಾರಕ್ಕೆ ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ. ಚೆನ್ನಾಗಿ ಸುಳ್ಳು ಹೇಳಲು ಬರಲಿಲ್ಲವಲ್ಲ ಎಂದು ಅವನು ಸಂಕಟಪಡುತ್ತಿದ್ದ.

“ಸಾಕಾಗಿತ್ತಪ್ಪ. ನಾನೇ ಅದು ಸುಳ್ಳು ಅಂತ ಬರೆದೆ. ನಿನ್ನ ಹೆಸರು ಹಾಕಿ ಬರೆದೆ.”

ಅವ್ವ ರಾಟೆ ನಿಲ್ಲಿಸಿದಳು. ಅಪ್ಪ ಗುಂಡಿಯಿಂದ ಕಾಲು ಮೇಲೆ ತೆಗೆದು, ನನ್ನ ಮುಂದೆ ಬಂದು ಕೂತ.

“ಏನು ಬರ್ದೀಯ, ಓದು.”

ಓದಿದೆ. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಅವನು ತಲೆ ತಗ್ಗಿಸಿಕೊಂಡು ಕೇಳಿದ.

“ಮೊದಲ್ನೇದು ಸರಿಯಾಗೈತೆ” ಎಂದ. “ಸುಳ್ಳು ಅಂದ್ರೆ ಸುಳ್ಳೇ. ಎರಡನೇದು ಯಾಕೆ? ಮಗಳಿಗೋಸ್ಕರ ಅಂತ ನೆವ ಹೇಳ್ದಂಗಾತು. ಅದನ್ನ ತೆಗಿ.”

ಒಬ್ಬರು ಇಡೀ ಅಧ್ಯಾಯ ತೆಗಿ ಎಂದರು, ಇವನು ಒಂದು ವಾಕ್ಯ ತೆಗಿ ಎಂದ. ಅವರ ಮಾತು ಮೀರುವುದು ನನಗೆ ಸುಲಭವಾಗಿತ್ತು. ಇವನ ಮಾತನ್ನು ಹುಟ್ಟಿದಾಗಿನಿಂದ ಮೀರಿದವಳಲ್ಲ. ಆದರೂ ತೆಗೆಯಲಿಲ್ಲ, ಎರಡನೆಯದೂ ನಿಜವೇ ಆಗಿತ್ತು.